ಹತ್ತು ವರ್ಷದ ರಾಗಿ, ಎರಡು ದಿನದ ನೀರು

ಹಳೇ ಮೈಸೂರು ಸೀಮೆಯ ಒಕ್ಕಲು ಮನೆಗಳಲ್ಲಿ ಕಾಳುಕಡ್ಡಿ ತುಂಬಿಡುತ್ತಿದ್ದ ಪಾತ್ರೆಗಳಿಗೆ ಬೇರೆ ಬೇರೆ ಹೆಸರುಗಳಿದ್ದವು. ಅಡುಗೆಮನೆಯ ಮೂಲೆಯಲ್ಲಿ ಮಡಕೆ, ನಡುಮನೆಯ ಗೋಡೆಗೆ ಒರಗಿದಂತೆ ಆಳೆತ್ತರದ ಮಣ್ಣಿನ ವಾಡೆ, ಒಳಕೋಣೆಯಲ್ಲಿ ಬಿದಿರಿನಿಂದ ಹೆಣೆದು ಸಗಣಿ ಬಳಿದ ಕಣಜ, ಇವೆಲ್ಲಕ್ಕೂ ಕೆಳಗೆ, ನೆಲದೊಳಗೆ, ಹಗೇವು. ಇವುಗಳನ್ನು ಸೇರು, ಕೊಳಗ, ಖಂಡುಗಗಳಲ್ಲಿ ಅಳೆಯುತ್ತಿದ್ದರು. ಆದರೆ ಇವುಗಳಿಗೆ ಇನ್ನೊಂದು ಅಳತೆಯೂ ಇದೆ. ಮಡಕೆಯಲ್ಲಿದ್ದದ್ದು ಒಂದು ವಾರದ ಮುದ್ದೆಗೆ ಸಾಕು. ವಾಡೆಯಲ್ಲಿದ್ದದ್ದು ಕೆಲವು ತಿಂಗಳಿಗೆ. ಕಣಜ ತುಂಬಿದ್ದರೆ ಮುಂದಿನ ಸುಗ್ಗಿಯವರೆಗೆ ಯೋಚನೆಯಿಲ್ಲ. ಹಗೇವು ತುಂಬಿದ್ದರೆ ಮುಂದಿನ ಸುಗ್ಗಿ ಕೈಕೊಟ್ಟರೂ, ಅದರ ಮುಂದಿನದು ಕೈಕೊಟ್ಟರೂ ಮನೆ ನಡೆಯುತ್ತದೆ. ಒಂದೊಂದು ಪಾತ್ರೆಯಲ್ಲೂ ಇದ್ದದ್ದು ಒಂದೊಂದು ಅಳತೆಯ ಕಾಲ.

ವಿಪತ್ತಿಗೆ ಮನೆಯನ್ನು ಸಜ್ಜುಮಾಡಿಕೊಳ್ಳುವುದು ಎಂದಾಗ ಇಂದು ನಮಗೆ ನೆನಪಾಗುವುದು ಟಾರ್ಚು, ಪವರ್ ಬ್ಯಾಂಕು, ಔಷಧದ ಡಬ್ಬಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಆಧಾರ್ ಕಾರ್ಡು. ಇದು ಹೊಸ ಕಾಲದ, ಹೊರಗಿನಿಂದ ಬಂದ ತಿಳಿವಳಿಕೆ ಎಂದೂ ಅನ್ನಿಸುತ್ತದೆ. ಆದರೆ ಈ ಸೀಮೆಯ ಮನೆಗಳು ನೂರಾರು ವರ್ಷ ಇದೇ ಕೆಲಸವನ್ನು ಮಾಡಿಕೊಂಡು ಬಂದಿವೆ. ಅದನ್ನು ವಿಪತ್ತು ನಿರ್ವಹಣೆ ಎಂದು ಯಾರೂ ಕರೆಯಲಿಲ್ಲ, ಅಷ್ಟೆ. ಅದಕ್ಕೆ ಒಂದು ಚರಿತ್ರೆಯಿದೆ. ಆ ಚರಿತ್ರೆ ಓದಿದವರಿಗೆ ಇಂದಿನ ಪಟ್ಟಿಗಳಲ್ಲಿ ಬಿಟ್ಟುಹೋಗಿರುವ ಒಂದು ಸಾಲು ಎದ್ದು ಕಾಣುತ್ತದೆ.

ಹಗೇವಿನಿಂದಲೇ ಶುರುಮಾಡಬಹುದು. ಕಿಟೆಲ್ ಅವರ 1894ರ ನಿಘಂಟಿನಲ್ಲಿ ಈ ಪದಕ್ಕೆ ನೆಲದೊಳಗಿನ ಕಣಜ ಎಂಬ ಅರ್ಥವಿದೆ. ಕೆಲವು ಸೀಮೆಗಳಲ್ಲಿ ಇದನ್ನೇ 'ಹಗೆ' ಎನ್ನುತ್ತಾರೆ. ವೈರಿಗೂ ಅದೇ ಮಾತು, ಬರದಲ್ಲಿ ಕಾಯುವ ಗುಳಿಗೂ ಅದೇ ಮಾತು. ಹೈದರ್–ಟಿಪ್ಪು ಕಾಲ ಮುಗಿದ ಮರುಗಳಿಗೆಯಲ್ಲೇ, 1800–01ರಲ್ಲಿ, ಈ ಸೀಮೆಯಲ್ಲಿ ಸುತ್ತಾಡಿದ ಫ್ರಾನ್ಸಿಸ್ ಬುಕಾನನ್ ರಾಗಿ ಬೇಸಾಯದ ಬಗ್ಗೆ ವಿವರವಾಗಿ ಬರೆದಿದ್ದಾನೆ. ರಾಗಿಯನ್ನು ಗುಳಿಗಳಲ್ಲಿ ವರ್ಷಗಟ್ಟಲೆ ಕಾಪಿಡುವ ಪದ್ಧತಿಯೂ ಅವನ ಕಣ್ಣಿಗೆ ಬಿದ್ದಿತ್ತು. ಉತ್ತರ ಕರ್ನಾಟಕದ ಕಡೆ ಇಂಥವೇ ಹಗೇವುಗಳಲ್ಲಿ ಜೋಳ ತುಂಬುತ್ತಿದ್ದರು.

ಹಗೇವು ತೋಡುವುದಕ್ಕೆ ಜಾಗ ಆರಿಸುವುದೇ ದೊಡ್ಡ ಕೆಲಸ. ನೀರು ನಿಲ್ಲದ ಎತ್ತರದ ನೆಲ ಬೇಕು, ಮಣ್ಣು ಗಟ್ಟಿಯಿರಬೇಕು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು, ಒಳಗೆ ಹೊಟ್ಟೆ ಅಗಲ. ಒಳಗೋಡೆಯನ್ನು ಸಾರಿಸಿ, ಒಣಗಿಸಿ, ಸುತ್ತ ಹುಲ್ಲು ಕೊಟ್ಟು, ಚೆನ್ನಾಗಿ ಒಣಗಿದ ರಾಗಿಯನ್ನು ಸುರಿದು, ಬಾಯಿಗೆ ಚಪ್ಪಡಿ ಮುಚ್ಚಿ ಮೇಲೆ ಮಣ್ಣು ಬಡಿಯುತ್ತಿದ್ದರು. ಒಳಗೆ ಉಳಿದ ಗಾಳಿಯಲ್ಲಿನ ಆಮ್ಲಜನಕವನ್ನು ಕಾಳು ಮತ್ತು ಹುಳುಗಳ ಉಸಿರಾಟವೇ ಮುಗಿಸುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ, ಹುಳುಗಳು ಸಾಯುತ್ತವೆ. ಆಮೇಲೆ ರಾಗಿ ನಿದ್ದೆ ಹೋದಂತೆ ಇರುತ್ತದೆ. ನೀರು ಸೇರದಿದ್ದರೆ ಹತ್ತು ವರ್ಷ ಕಳೆದರೂ ತಿನ್ನಲು ಬರುತ್ತದೆ ಎಂಬುದು ಈ ಸೀಮೆಯ ಹಿರಿಯರ ಲೆಕ್ಕ.

ರಾಗಿಯನ್ನು ಕಾಯುವ ಆ ಗಾಳಿಯೇ ಮನುಷ್ಯನನ್ನು ಕೊಲ್ಲುತ್ತದೆ. ನಾನು ಬಾಡಿಗೆಗಿರುವ ತಲಘಟ್ಟಪುರದಲ್ಲಿ, ಕನಕಪುರ ರಸ್ತೆಯಿಂದ ಒಳಗೆ ಹೋದರೆ ಸಿಗುವ ಹಳೆಯ ಊರಿನ ಭಾಗದಲ್ಲಿ, ಎಂಬತ್ತು ದಾಟಿದ ಹಿರಿಯರೊಬ್ಬರು ಇದನ್ನು ವಿವರಿಸಿದ್ದು ಹೀಗೆ: "ಹಗೇವ್ ತೆಗೆದ್ ದಿನ ಯಾರೂ ಇಳೀತಿರ್‍ಲಿಲ್ಲ ಕಣವ್ವ. ಬಾಯ್ ತೆಗ್ದು ಬುಟ್‌ಬುಡೋರು. ಆಮ್ಯಾಕೆ ದೀಪ ಕಟ್ಟಿ ಇಳಿಬುಡೋರು. ದೀಪ ಆರೋದ್ರೆ ಇನ್ನೂ ಒಂದಿನ ಬುಡೋರು. ಉರೀತಾ ಇದ್ರೆ ಹೈಕ್ಳು ಇಳಿಯೋರು. ಮ್ಯಾಲೆ ಹಗ್ಗ ಹಿಡ್ಕೊಂಡು ನಾಕ್ ಜನ ಇರ್‍ಲೇಬೇಕು." ಅವರ ಮಾತಿನಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಆ ಕೊನೆಯ ವಾಕ್ಯ. ಹಗೇವು ಒಂದು ಮನೆಯ ಆಸ್ತಿ. ಆದರೆ ಅದನ್ನು ಒಂದೇ ಮನೆಯವರು ತೆರೆಯಲು ಆಗುತ್ತಿರಲಿಲ್ಲ.

ರಾಗಿಯ ಈ ಬಾಳಿಕೆ ಕನ್ನಡ ಸಾಹಿತ್ಯಕ್ಕೆ ಗೊತ್ತಿಲ್ಲದ ಸಂಗತಿಯಲ್ಲ. 16ನೇ ಶತಮಾನದ ಕನಕದಾಸರ 'ರಾಮಧಾನ್ಯ ಚರಿತೆ'ಯ ಕಥೆ ನಿಂತಿರುವುದೇ ಅದರ ಮೇಲೆ. ಭತ್ತಕ್ಕೂ ನರೆದಲೆಗನೆಂಬ ರಾಗಿಗೂ ಯಾರು ಹೆಚ್ಚು ಎಂಬ ಜಗಳ ಹುಟ್ಟುತ್ತದೆ. ರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಹೊರಗೆ ಬಂದಾಗ ಭತ್ತ ಕಳೆಗುಂದಿದೆ, ರಾಗಿ ಹೇಗಿತ್ತೋ ಹಾಗೇ ಇದೆ. ಇದನ್ನು ಮೇಲು–ಕೀಳುಗಳ ವಿರುದ್ಧದ ಕಾವ್ಯವೆಂದು ನಾವು ತರಗತಿಗಳಲ್ಲಿ ಓದುತ್ತೇವೆ, ಅದು ಸರಿಯೇ. ಆದರೆ ಆ ಪರೀಕ್ಷೆಯ ಸ್ವರೂಪವನ್ನೂ ಗಮನಿಸಬೇಕು. ಎರಡು ಧಾನ್ಯಗಳ ರುಚಿಯನ್ನು ರಾಮ ನೋಡಲಿಲ್ಲ, ಬಣ್ಣವನ್ನು ನೋಡಲಿಲ್ಲ. ಕತ್ತಲೆಯಲ್ಲಿ ಕೂಡಿಟ್ಟರೆ ಯಾವುದು ಉಳಿಯುತ್ತದೆ ಎಂದು ನೋಡಿದ. ಅದು ಹಗೇವಿನ ಪರೀಕ್ಷೆ. ಮಳೆ ಹೋಗಿ ಬೆಳೆ ಇಲ್ಲದ ಕ್ಷಾಮದಲ್ಲಿ ಜೀವಗಳನ್ನು ಸಲಹುವವನು ನಾನು ಎಂದು ನರೆದಲೆಗ ಅಲ್ಲಿ ವಾದಿಸುತ್ತಾನೆ. ಬರ ಕಂಡ ನಾಡಿನ ಕವಿಗೆ ಮಾತ್ರ ಹೊಳೆಯುವ ವಾದ ಅದು.

ಇಂಥ ತಯಾರಿ ವರ್ಷದ ಕೆಲಸಗಳಲ್ಲೇ ಸೇರಿಹೋಗಿತ್ತು. ಮಲೆನಾಡಿನ ಮನೆಗಳಲ್ಲಿ ಮಳೆಗಾಲ ಹಿಡಿಯುವ ಮುಂಚೆ ಸೌದೆ ಒಟ್ಟಿ, ಮಾಡಿಗೆ ಹುಲ್ಲು ಹೊದಿಸಿ, ಉಪ್ಪು–ಬೆಲ್ಲ ತಂದಿಟ್ಟು, ಹಪ್ಪಳ ಸಂಡಿಗೆ ಒಣಗಿಸಿ, ಉಪ್ಪಿನಕಾಯಿ ಭರಣಿ ತುಂಬಿಸುತ್ತಿದ್ದರು. ಹೊಳೆ ಉಕ್ಕಿ ದಾರಿ ಮುಚ್ಚಿದರೂ ಒಲೆ ಉರಿಯಬೇಕು. ಬಯಲುಸೀಮೆಯಲ್ಲಿ ಬೀಜದ ಕಾಳಿಗೆ ಬೂದಿ ಬೆರೆಸುವುದು, ಬೇಳೆಗೆ ಹರಳೆಣ್ಣೆ ಸವರುವುದು, ಕಣಜಕ್ಕೆ ಬೇವಿನ ಸೊಪ್ಪು ಹಾಕುವುದು. ಈ ಕೆಲಸದ ಬಹುಪಾಲು ಹೆಂಗಸರದ್ದು. ಎಷ್ಟಿದೆ, ಎಷ್ಟು ದಿನಕ್ಕೆ ಬರುತ್ತದೆ, ನೆಂಟರು ಬಂದರೆ ಎಷ್ಟು ಮುರಿಯುತ್ತದೆ ಎಂಬ ಲೆಕ್ಕ ಅವರ ತಲೆಯಲ್ಲಿರುತ್ತಿತ್ತು. ಎಷ್ಟೇ ಹಸಿವಾದರೂ ಬಿತ್ತನೆ ಬೀಜಕ್ಕೆ ಕೈ ಹಾಕಬಾರದು ಎಂಬ ಕಟ್ಟುನಿಟ್ಟನ್ನು ಉಳಿಸಿಕೊಳ್ಳಬೇಕಾದವರೂ ಅವರೇ.

ಇಷ್ಟಕ್ಕೆ ನಿಲ್ಲಿಸಿದರೆ ಹಿಂದಿನವರ ಜಾಣ್ಮೆಯನ್ನು ಹೊಗಳುವ ಇನ್ನೊಂದು ಬರಹ ಇದಾಗುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಹಗೇವು ಯಾರ ಮನೆಯಲ್ಲಿತ್ತು?

ಹಗೇವು ತುಂಬಬೇಕಾದರೆ ವರ್ಷದ ಊಟ, ಬೀಜ, ಕಂದಾಯ, ಸಾಲ ಎಲ್ಲ ಕಳೆದು ಖಂಡುಗಗಟ್ಟಲೆ ರಾಗಿ ಉಳಿಯಬೇಕು. ಹಾಗೆ ಉಳಿಯುವುದು ಹೊಲ ಇದ್ದವರಿಗೆ, ಅವರಲ್ಲೂ ಹೆಚ್ಚು ಹೊಲ ಇದ್ದವರಿಗೆ. ಅದೇ ಹೊಲದಲ್ಲಿ ಕಳೆ ಕಿತ್ತು, ಕಣದಲ್ಲಿ ರಾಗಿ ತೂರಿದ ಕೂಲಿಯವರ, ಜೀತದಾಳುಗಳ ಮನೆಯಲ್ಲಿ ಇದ್ದದ್ದು ಮಡಕೆ. ಅವರಿಗೆ ಕೂಲಿ ಸಿಗುತ್ತಿದ್ದದ್ದು ಕಾಳಿನಲ್ಲಿ, ಅದೂ ಕೆಲಸವಿದ್ದಾಗ. ಮಡಕೆ ಖಾಲಿಯಾದರೆ ಹಗೇವಿನ ಮನೆಗೇ ಹೋಗಿ, ಸುಗ್ಗಿಯಲ್ಲಿ ಇಷ್ಟು ಹೆಚ್ಚು ಸೇರಿಸಿ ಕೊಡುತ್ತೇವೆಂದು ಒಪ್ಪಿಕೊಂಡು ರಾಗಿ ಕಡ ತರಬೇಕು. ಅಂದರೆ ಒಂದೇ ಊರಿನಲ್ಲಿ ಕೆಲವರ ಬಳಿ ಹತ್ತು ವರ್ಷದ ಕಾಲವಿತ್ತು, ಕೆಲವರ ಬಳಿ ಹತ್ತು ದಿನದ್ದು. ಮಳೆ ಬರುತ್ತಿದ್ದಷ್ಟು ದಿನ ಈ ಅಂತರ ಬರೀ ಬಡತನವಾಗಿ ಕಾಣುತ್ತದೆ. ಮಳೆ ನಿಂತಾಗ ಅದು ಸಾವು–ಬದುಕಿನ ಅಂತರವಾಗುತ್ತದೆ.

ಮಳೆ ನಿಂತದ್ದು 1870ರ ದಶಕದ ನಡುವಿನಲ್ಲಿ. 1875ರಲ್ಲೇ ಬೆಳೆ ಕಡಿಮೆಯಾಗಿತ್ತು. 1876ರಲ್ಲಿ ಮುಂಗಾರೂ ಇಲ್ಲ, ಹಿಂಗಾರೂ ಇಲ್ಲ. 1877ರ ಮುಂಗಾರು ಮತ್ತೆ ಕೈಕೊಟ್ಟಿತು. ಒಳ್ಳೆಯ ಮಳೆ ಬಂದದ್ದು ಆ ವರ್ಷದ ಸೆಪ್ಟೆಂಬರ್ ಹೊತ್ತಿಗೆ. ಪಂಚಾಂಗದ ಪ್ರಕಾರ 1876–77 ಧಾತು ಸಂವತ್ಸರ, 1877–78 ಈಶ್ವರ ಸಂವತ್ಸರ. ಅದಕ್ಕೇ ನಮ್ಮ ಜನರ ನೆನಪಿನಲ್ಲಿ ಇದು ಧಾತು–ಈಶ್ವರ ಬರ. ಆಗ ಮೈಸೂರು ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು. ಒಡೆಯರಿಗೆ ರಾಜ್ಯ ಮರಳಿದ್ದು 1881ರಲ್ಲಿ.

ಈ ಬರ ಬಂದ ರೀತಿಯಲ್ಲೇ ಪಾತ್ರೆಗಳ ಕಥೆಯಿದೆ. 1875ರ ಕೊರತೆಯನ್ನು ಊರುಗಳು ತಡೆದುಕೊಂಡವು. ಹೇಗೆ ತಡೆದುಕೊಂಡವು ಎಂದು ಕೇಳಿದರೆ ಹಳೆಯ ದಾಸ್ತಾನು ಎಂಬ ಉತ್ತರಕ್ಕೇ ಬರಬೇಕಾಗುತ್ತದೆ. ಎರಡನೆಯ ವರ್ಷ ಹೊಲದಲ್ಲಿ ಕೆಲಸವೇ ಇರಲಿಲ್ಲ. ಕೆಲಸವಿಲ್ಲದ ಮೇಲೆ ಕೂಲಿಯಿಲ್ಲ, ಕೂಲಿಯಿಲ್ಲದ ಮೇಲೆ ಮಡಕೆಯಲ್ಲಿ ಕಾಳಿಲ್ಲ. ಬರ ಮುಗಿದ ಮೇಲೆ ನೇಮಕವಾಗಿ 1880ರಲ್ಲಿ ವರದಿ ಕೊಟ್ಟ ಕ್ಷಾಮ ಆಯೋಗ ಹೇಳಿದ್ದೂ ಇದನ್ನೇ: ಬರ ಮೊದಲು ಹೊಡೆಯುವುದು ಕೂಲಿಯ ಮೇಲೆ ಬದುಕುವವರನ್ನು, ಅವರ ಹಿಂದೆಯೇ ನೇಕಾರರಂಥ ಕಸುಬುದಾರರನ್ನು. ಜಮೀನಿದ್ದವರು ಆಮೇಲೆ. ನೂರು ವರ್ಷದ ನಂತರ, 1981ರಲ್ಲಿ, ಅಮರ್ತ್ಯ ಸೇನ್ ಬಡತನ ಮತ್ತು ಕ್ಷಾಮಗಳ ಬಗೆಗಿನ ತಮ್ಮ ಪುಸ್ತಕದಲ್ಲಿ ಕ್ಷಾಮವೆಂದರೆ ಅನ್ನವೇ ಇಲ್ಲದಿರುವ ಸ್ಥಿತಿಯಾಗಿರಬೇಕಿಲ್ಲ, ಅನ್ನದ ಮೇಲೆ ಹಕ್ಕಿಲ್ಲದ ಸ್ಥಿತಿ ಎಂದು ವಾದಿಸಿದರು. ಅದನ್ನು ಈ ಸೀಮೆಯ ಮಾತಿಗೆ ತಂದರೆ, ಊರಿನಲ್ಲಿ ಹಗೇವು ಇದ್ದೂ ಮಡಕೆ ಖಾಲಿಯಾಗುವುದು.

ಮನೆಯ ಕಾಲ ಮುಗಿದ ಮೇಲೆ ಸರ್ಕಾರ ಎಷ್ಟು ಬೇಗ ಬಂತು ಎಂಬುದು ಮುಂದಿನ ಪ್ರಶ್ನೆ. ಜನ ಊರು ಬಿಟ್ಟು ಬೆಂಗಳೂರು, ಮೈಸೂರುಗಳ ಕಡೆ ನಡೆದರು. ಗಂಜಿ ಕೇಂದ್ರಗಳು ತೆರೆದವು, ಕಾಮಗಾರಿಗಳು ಶುರುವಾದವು. ಆದರೆ ಆಗಿನ ಆಡಳಿತಕ್ಕೆ ಖರ್ಚಿನ ಚಿಂತೆ ಹೆಚ್ಚು. 1877ರ ಜನವರಿಯಲ್ಲಿ ದಕ್ಷಿಣಕ್ಕೆ ಬಂದ ಸರ್ ರಿಚರ್ಡ್ ಟೆಂಪಲ್, ಮದ್ರಾಸ್ ಪ್ರಾಂತ್ಯದ ಕಾಮಗಾರಿಗಳಲ್ಲಿ ದುಡಿಯುವವನಿಗೆ ದಿನಕ್ಕೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯಕ್ಕೆ ಸಮನಾದ ಕೂಲಿಯೂ ಚಿಲ್ಲರೆ ಕಾಸೂ ಸಾಕೆಂದ. ಕಲ್ಲು ಹೊರುವವನಿಗೆ ಅದು ಸಾಲದು ಎಂದು ಮದ್ರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಷ್ ಜಗಳಕ್ಕೇ ನಿಂತರು. ಮೈಸೂರಿನ ಸ್ಥಿತಿ ಎಷ್ಟು ಕೈಮೀರಿತ್ತೆಂದರೆ ವೈಸರಾಯ್ ಲಿಟ್ಟನ್ ತಾನೇ ಬಂದು ನೋಡಿ, 1877ರ ಸೆಪ್ಟೆಂಬರಿನಲ್ಲಿ ಚಾರ್ಲ್ಸ್ ಎಲಿಯಟ್‌ನನ್ನು ಇಲ್ಲಿನ ಕ್ಷಾಮ ಕಮಿಷನರನನ್ನಾಗಿ ನೇಮಿಸಬೇಕಾಯಿತು. ಅಷ್ಟು ಹೊತ್ತಿಗೆ ಮಳೆ ಬರುವ ತಿಂಗಳೇ ಬಂದಿತ್ತು.

ಲೆಕ್ಕ ಸಿಗುವುದು ಜನಗಣತಿಯಲ್ಲಿ. 1871ರಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412. 1881ರಲ್ಲಿ 41,86,188. ಹತ್ತು ವರ್ಷದಲ್ಲಿ ಹುಟ್ಟಿ ಹೆಚ್ಚಬೇಕಾದವರನ್ನು ಬಿಟ್ಟರೂ 8,69,224 ಜನ ಕಡಿಮೆ, ಅಂದರೆ ನೂರಕ್ಕೆ ಹದಿನೇಳು. ಸಂಸ್ಥಾನದ ಬೊಕ್ಕಸದ ಉಳಿತಾಯ ಕರಗಿ ಭಾರತ ಸರ್ಕಾರಕ್ಕೆ 80 ಲಕ್ಷ ರೂಪಾಯಿ ಸಾಲ ಬಿತ್ತು. ಬರ ಪರಿಹಾರದ ಕಾಮಗಾರಿಯಾಗಿ ಮಣ್ಣು ಹೊತ್ತು ಕಟ್ಟಿದ ಬೆಂಗಳೂರು–ಮೈಸೂರು ರೈಲು ಹಾದಿ 1882ರಲ್ಲಿ ಮೈಸೂರು ಮುಟ್ಟಿತು. ಇಂದೂ ಆ ದಾರಿಯಲ್ಲಿ ರೈಲಿನಲ್ಲಿ ಹೋಗುವಾಗ ರಾಮನಗರ, ಮದ್ದೂರುಗಳ ನಡುವೆ ಕಾಣುವ ಏರಿಗಳು ಯಾವ ಹಸಿವಿನ ಮೇಲೆ ಎದ್ದವೋ ಎಂಬ ಯೋಚನೆ ನನ್ನನ್ನು ಬಿಡುವುದಿಲ್ಲ.

ಕ್ಷಾಮ ಆಯೋಗದ ವರದಿಯ ಬೆನ್ನಿಗೆ ಕ್ಷಾಮ ಸಂಹಿತೆಗಳು ಬಂದವು. ಬರದ ಮುನ್ಸೂಚನೆಗಳು ಯಾವುವು, ಯಾವಾಗ ಕಾಮಗಾರಿ ತೆರೆಯಬೇಕು, ಯಾರಿಗೆ ಬಿಟ್ಟಿ ಊಟ ಕೊಡಬೇಕು ಎಂದು ಅಧಿಕಾರಿಗಳಿಗೆ ಬರೆದಿಟ್ಟ ನಿಯಮಗಳವು. ಮನೆಯ ಹಗೇವಿನ ಜವಾಬ್ದಾರಿಯ ಒಂದು ಭಾಗ ಕಾಗದದ ಮೇಲಾದರೂ ಸರ್ಕಾರಕ್ಕೆ ವರ್ಗವಾದದ್ದು ಆಗ. ರೈಲು ಬಂದ ಮೇಲೆ ಧಾನ್ಯ ಊರಿಂದ ಊರಿಗೆ ಓಡಾಡತೊಡಗಿತು. ಸ್ವಾತಂತ್ರ್ಯದ ನಂತರ ಆಹಾರ ನಿಗಮದ ಗೋದಾಮು, ನ್ಯಾಯಬೆಲೆ ಅಂಗಡಿ, 2013ರ ಆಹಾರ ಭದ್ರತಾ ಕಾಯ್ದೆ, ಅದೇ ವರ್ಷದ ಅನ್ನಭಾಗ್ಯ ಬಂದವು. ಹಗೇವುಗಳು ಒಂದೊಂದಾಗಿ ಮುಚ್ಚಿಹೋದವು. ಅದಕ್ಕೆ ಅಳುವ ಅಗತ್ಯವಿಲ್ಲ. ಹಗೇವು ಇಲ್ಲದವನ ಮನೆಗೂ ಅಕ್ಕಿ, ರಾಗಿ ತಲುಪುವ ಏರ್ಪಾಡು ಹಗೇವಿಗಿಂತ ದೊಡ್ಡದು.

ಬರದಲ್ಲಿ ದಾಸ್ತಾನು ಮನೆಯನ್ನು ಕಾಯುತ್ತದೆ. ಆದರೆ ಎಲ್ಲ ಆಪತ್ತೂ ಬರದಂತಿರುವುದಿಲ್ಲ. ಧಾತು–ಈಶ್ವರ ಬರದ ಎರಡು ದಶಕಗಳ ನಂತರ ಬೆಂಗಳೂರಿಗೆ ಬಂದ ಪ್ಲೇಗು ಇದನ್ನು ಕಲಿಸಿತು. 1898ರ ಆಗಸ್ಟಿನಲ್ಲಿ ಕಾಣಿಸಿಕೊಂಡ ಆ ರೋಗಕ್ಕೆ ಧಾನ್ಯ ತುಂಬಿದ ಮನೆಯೇ ಬೇಕಿತ್ತು, ಏಕೆಂದರೆ ಅಲ್ಲಿ ಇಲಿಗಳಿದ್ದವು. ಇಲಿಯ ಮೈಮೇಲಿನ ಚಿಗಟದಿಂದ ರೋಗ ಹರಡುತ್ತದೆಂದು ಪಾಲ್ ಲೂಯಿ ಸಿಮಾಂಡ್ ಎಂಬ ಫ್ರೆಂಚ್ ವೈದ್ಯ ಕಂಡುಕೊಂಡದ್ದು ಅದೇ ವರ್ಷ. ಆ ಮಾತನ್ನು ವೈದ್ಯಲೋಕ ಒಪ್ಪಲು ಇನ್ನೂ ಕೆಲವು ವರ್ಷ ಹಿಡಿಯಿತು. ನಮ್ಮ ಹಳ್ಳಿಯವರು ಚಿಗಟದ ಸಿದ್ಧಾಂತಕ್ಕೆ ಕಾಯಲಿಲ್ಲ. ಮನೆಯಲ್ಲಿ ಇಲಿ ಬಿತ್ತೆಂದರೆ ಊರು ಬಿಡಬೇಕು ಎಂಬುದನ್ನು ಅನುಭವದಿಂದ ಕಲಿತರು. ಹೊಲದಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇದ್ದರು. ಏನನ್ನು ಕೂಡಿಡಬೇಕು ಎಂಬ ಹಳೆಯ ಲೆಕ್ಕದ ಜಾಗದಲ್ಲಿ ಏನನ್ನು ಬಿಟ್ಟುಹೋಗಬೇಕು, ಎಷ್ಟು ಬೇಗ ಹೋಗಬೇಕು ಎಂಬ ಹೊಸ ಲೆಕ್ಕ ಬಂತು.

ಈ ಊರು ಬಿಡುವ ಬದುಕಿನ ಚಿತ್ರ ಕನ್ನಡದ ಓದುಗರಿಗೆ ಗೊತ್ತಿರುವುದು ಎಸ್.ಎಲ್. ಭೈರಪ್ಪನವರ 'ಗೃಹಭಂಗ'ದಿಂದ. ಕರಣಿಕೆಯ ಲೆಕ್ಕ ಬರೆದು, ಮುತ್ತುಗದ ಎಲೆ ಹಚ್ಚಿ ಮನೆ ನಡೆಸುವ ನಂಜಮ್ಮನಷ್ಟು ಮುಂದಾಲೋಚನೆಯುಳ್ಳ ಗೃಹಿಣಿ ನಮ್ಮ ಕಾದಂಬರಿಗಳಲ್ಲಿ ಅಪರೂಪ. ಆದರೂ ಪ್ಲೇಗು ಅವಳ ಇಬ್ಬರು ಮಕ್ಕಳನ್ನು, ಕೊನೆಗೆ ಅವಳನ್ನೂ ಒಯ್ಯುತ್ತದೆ. ಒಬ್ಬ ಹೆಂಗಸಿನ ಜಾಣ್ಮೆ, ದುಡಿಮೆ ಎಷ್ಟಿದ್ದರೂ ಮನೆಯೊಂದೇ ತಡೆದುಕೊಳ್ಳಲಾಗದ ಪೆಟ್ಟುಗಳಿವೆ ಎಂಬುದು ಆ ಕಾದಂಬರಿ ಓದಿ ಮುಗಿಸಿದಾಗ ಉಳಿಯುವ ಭಾರ.

ಪೇಟೆಯಲ್ಲಿ ಪ್ಲೇಗಿಗೆ ಕೊಟ್ಟ ಉತ್ತರ ನಗರದ ನಕ್ಷೆಯ ಮೇಲೆಯೇ ಉಳಿದಿದೆ. 1892ರ ಸುಮಾರಿಗೆ ಯೋಜನೆಯಾಗಿದ್ದ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದದ್ದು ಪ್ಲೇಗಿನ ನಂತರ. ಅಗಲ ರಸ್ತೆಗಳು, ಮನೆಯ ಸುತ್ತ ಗಾಳಿ ಬೆಳಕು, ಹಿಂದೆ ಕಸ ಸಾಗಿಸುವ ಗಲ್ಲಿ. ಇವತ್ತು ದಕ್ಷಿಣ ಬೆಂಗಳೂರಿನ ಚೆಂದವೆಂದು ನಾವು ಮೆಚ್ಚುವ ಈ ಬಡಾವಣೆಗಳ ಅಗಲದ ಹಿಂದೆ ರೋಗದ ಭಯವೂ ಇದೆ. ಆದರೆ ಅಲ್ಲಿ ನಿವೇಶನ ಕೊಳ್ಳಬಲ್ಲವರು ಹೋದರು. ಕೊಳ್ಳಲಾಗದವರು ಪೇಟೆಯ ಕಿರಿದಾದ ಗಲ್ಲಿಗಳಲ್ಲೇ ಉಳಿದರು. ಬರದಲ್ಲಿ ಕಾಲ ಹಂಚಿಹೋದ ಹಾಗೆ ಇಲ್ಲಿ ಜಾಗ ಹಂಚಿಹೋಯಿತು.

ಬಸವನಗುಡಿಯಿಂದ ದಕ್ಷಿಣಕ್ಕೆ, ಬನಶಂಕರಿ ದಾಟಿ, ಕನಕಪುರ ರಸ್ತೆ ಹಿಡಿದು ಬಂದರೆ ತಲಘಟ್ಟಪುರ. ಇದು ಕೆರೆ, ರಾಗಿ ಹೊಲ, ಹಿಪ್ಪುನೇರಳೆ ತೋಟಗಳ ಊರು. ರಾಜ್ಯದ ರೇಷ್ಮೆ ಸಂಶೋಧನಾ ಸಂಸ್ಥೆ ಇರುವುದೂ ಇಲ್ಲೇ. 2021ರ ಜನವರಿಯಲ್ಲಿ ಮೆಟ್ರೋ ಇಲ್ಲಿಯವರೆಗೆ ಬಂತು. ಹೊಲಗಳ ಜಾಗದಲ್ಲಿ ಅಪಾರ್ಟ್‌ಮೆಂಟುಗಳು ಎದ್ದಿವೆ. ಹಗೇವು ಇದ್ದ ನೆಲದಲ್ಲಿ ಈಗ ಸಂಪುಗಳಿವೆ. ಎರಡೂ ನೆಲದೊಳಗಿನ ಗುಳಿಗಳೇ, ಎರಡಕ್ಕೂ ಮೇಲೆ ಮುಚ್ಚಳ. ಒಂದರಲ್ಲಿ ಹತ್ತು ವರ್ಷದ ರಾಗಿ ಇತ್ತು. ಇನ್ನೊಂದರಲ್ಲಿ ಎರಡು ದಿನದ ನೀರಿದೆ.

ಈ ಎರಡು ದಿನ ಎಷ್ಟು ತೆಳ್ಳಗಿನದು ಎಂಬುದು 2022ರ ಸೆಪ್ಟೆಂಬರಿನಲ್ಲಿ ಗೊತ್ತಾಯಿತು. ಬೆಂಗಳೂರಿನ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಏರಿ ಬರುತ್ತದೆ. ತೊರೆಕಾಡನಹಳ್ಳಿ, ಹಾರೋಹಳ್ಳಿ, ನಮ್ಮ ಪಕ್ಕದ ತಾತಗುಣಿ, ಹೀಗೆ ಮೂರು ಕಡೆ ಅದನ್ನು ಪಂಪುಗಳು ಮೇಲಕ್ಕೆತ್ತುತ್ತವೆ. ಆ ತಿಂಗಳ 4, 5ರ ಭಾರಿ ಮಳೆಗೆ ಬೆಳ್ಳಂದೂರಿನ ಕಡೆ ಮನೆಗಳಿಗೆ ನೀರು ನುಗ್ಗಿ, ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಸಾಗಿಸಬೇಕಾಯಿತು. ಅದೇ ಮಳೆ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯ ಪಂಪ್‌ಮನೆಗೂ ನುಗ್ಗಿತು. ಪಂಪು ನಿಂತಿತು. ನಗರದ ಒಂದು ಕಡೆ ಮನೆಯೊಳಗೆ ಸೊಂಟದ ಮಟ್ಟ ನೀರು, ನಗರದ ಹಲವೆಡೆ ನಲ್ಲಿಯಲ್ಲಿ ನೀರಿಲ್ಲ. ನೆರೆ ಬಂದಾಗ ಕುಡಿಯುವ ನೀರು ಕೂಡಿಡಬೇಕು ಎಂಬುದು ವಿಚಿತ್ರವೆನ್ನಿಸುವ ಸಲಹೆ. ಆದರೆ ಆ ವಾರ ಅದರ ಅರ್ಥ ಎಲ್ಲರಿಗೂ ಆಯಿತು.

2024ರ ಮಾರ್ಚಿನಲ್ಲಿ ಆಪತ್ತು ತಿರುಗಾಮುರುಗಾ ಬಂತು. ನಗರದ ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳಲ್ಲಿ ಸುಮಾರು ಅರ್ಧ ಬತ್ತಿವೆ ಎಂದು ಸರ್ಕಾರವೇ ಹೇಳಿತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಪ್ರಕಟಿಸಿತು. ಪಾಲಿಕೆಗೆ ಸೇರಿ ಹದಿನೇಳು ವರ್ಷವಾಗಿದ್ದರೂ ಕಾವೇರಿ ಸಂಪರ್ಕ ಪೂರ್ತಿ ಸಿಗದಿದ್ದ 110 ಹಳ್ಳಿಗಳ ಪ್ರದೇಶಕ್ಕೆ ಪೆಟ್ಟು ಹೆಚ್ಚು. ಆ ಹಳ್ಳಿಗಳಿಗೆಂದೇ ರೂಪಿಸಿದ, ದಿನಕ್ಕೆ 77.5 ಕೋಟಿ ಲೀಟರಿನ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು ಅದೇ ವರ್ಷದ ಅಕ್ಟೋಬರಿನಲ್ಲಿ. ನಡುವಿನ ಆ ಬೇಸಿಗೆಯಲ್ಲಿ ನಮ್ಮ ಬೀದಿಯಲ್ಲಿ ನಾನು ಕಂಡದ್ದು ಇಷ್ಟು: ದೊಡ್ಡ ಸಂಪಿದ್ದ ಮನೆಯವರು ಟ್ಯಾಂಕರಿಗೆ ಹೇಳಿ ಕಾಯುತ್ತಿದ್ದರು. ಸಂಪಿಲ್ಲದ ಶೀಟು ಮನೆಗಳ ಹೆಂಗಸರು ಕೊಡಗಳನ್ನು ಸಾಲಾಗಿ ಇಟ್ಟುಕೊಂಡು, ಅಂದಿನ ಕೆಲಸಕ್ಕೆ ರಜೆ ಹಾಕಿ ಕಾಯುತ್ತಿದ್ದರು. ಅವರಿಗೆ ಟ್ಯಾಂಕರ್ ನೀರು ಕೊಳ್ಳಲು ಹಣವಿದ್ದರೂ ತುಂಬಿಕೊಳ್ಳಲು ಜಾಗವಿರಲಿಲ್ಲ. ಹಗೇವು ಮತ್ತು ಮಡಕೆಯ ಊರು ಎಲ್ಲಿಯೂ ಹೋಗಿಲ್ಲ.

ಕೋವಿಡ್ ಕಾಲದಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಂಡಿತ್ತು. 2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆಯಾದಾಗ ಜಾರಿಗೆ ಇದ್ದದ್ದು ನಾಲ್ಕೇ ಗಂಟೆ. ತಿಂಗಳ ದಿನಸಿ ತಂದಿಟ್ಟುಕೊಳ್ಳುವ ಮನೆಗಳಿಗೆ ಆ ನಾಲ್ಕು ಗಂಟೆ ಗಾಬರಿಯ ಹೊತ್ತು. ಈ ರಸ್ತೆಯುದ್ದಕ್ಕೂ ಕಟ್ಟಡ ಕಟ್ಟುತ್ತಿದ್ದ, ಅಂದಂದಿನ ಕೂಲಿಯಲ್ಲಿ ಅಂದಂದಿನ ಅಕ್ಕಿ ತರುತ್ತಿದ್ದವರಿಗೆ ಕೆಲಸ, ಕೂಲಿ, ಅನ್ನ ಮೂರೂ ಒಟ್ಟಿಗೆ ನಿಂತವು. 1880ರ ಆಯೋಗ ಬರೆದಿಟ್ಟ ಕ್ರಮದಲ್ಲೇ ನಿಂತವು. ಅವರಲ್ಲಿ ಹಲವರು 1877ರ ಜನರಂತೆ ನಡೆಯಲು ಶುರುಮಾಡಿದರು; ಆಗ ಹಳ್ಳಿಯಿಂದ ಪಟ್ಟಣಕ್ಕೆ ನಡೆದಿದ್ದರು, ಈಗ ಪಟ್ಟಣದಿಂದ ಹಳ್ಳಿಗೆ.

ಹಾಗಾದರೆ ಇಂದಿನ ಮನೆ ಏನು ಮಾಡಬೇಕು? ವಿಪತ್ತು ನಿರ್ವಹಣೆಯವರು ಕೊಡುವ ಪಟ್ಟಿಯನ್ನು ತಮಾಷೆ ಮಾಡುವ ಕಾರಣವೇನೂ ನನಗೆ ಕಾಣುವುದಿಲ್ಲ. ತಲೆಗೆ ದಿನಕ್ಕೆ ಮೂರ್ನಾಲ್ಕು ಲೀಟರಿನಂತೆ ಮೂರು ದಿನದ ಕುಡಿಯುವ ನೀರು. ಒಲೆ ಹಚ್ಚದೆ ತಿನ್ನಬಹುದಾದ ಅವಲಕ್ಕಿ, ಹುರಿಗಡಲೆ, ಬೆಲ್ಲ, ರಾಗಿ ಹುರಿಹಿಟ್ಟು. ಹಿರಿಯರ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ವಾರಕ್ಕಾಗುವಷ್ಟು. ಟಾರ್ಚು, ಚಾರ್ಜು ತುಂಬಿದ ಪವರ್ ಬ್ಯಾಂಕು. ನೀರು ತಾಗದ ಚೀಲದಲ್ಲಿ ಕಾಗದಪತ್ರ, ಸ್ವಲ್ಪ ನಗದು. ನೆರೆಯ ಭಯವಿರುವ ಕಡೆ ಇವೆಲ್ಲ ಅಟ್ಟದ ಮೇಲಿರಲಿ. ನೀರು ಮನೆಯೊಳಗೆ ಬರುವ ಮುಂಚೆ ಮೇನ್ ಸ್ವಿಚ್ ಆರಿಸುವುದು, ಗ್ಯಾಸ್ ರೆಗ್ಯುಲೇಟರ್ ಮುಚ್ಚುವುದು ಮನೆಯ ಮಕ್ಕಳಿಗೂ ಗೊತ್ತಿರಲಿ. ತುರ್ತಿಗೆ 112, ವಿದ್ಯುತ್ತಿಗೆ ಬೆಸ್ಕಾಂನ 1912, ನೀರಿಗೆ ಜಲಮಂಡಳಿಯ 1916 ಎಂದು ಗೋಡೆಯ ಮೇಲೆ ಬರೆದಿರಲಿ; ಫೋನು ಆರಿಹೋದಾಗ ನೆನಪೂ ಆರಿಹೋಗುತ್ತದೆ. ಹಳಬರ ಲೆಕ್ಕದಲ್ಲಿ ಇದು ಮಡಕೆಯ ಅಳತೆ. ಆದರೆ ಮಡಕೆಯೂ ಖಾಲಿಯಿದ್ದರೆ ಮುಂದಿನ ಯಾವ ನೆರವೂ ತಲುಪುವ ಹೊತ್ತಿಗೆ ತಡವಾಗಿರುತ್ತದೆ.

ಆದರೆ ಆ ಪಟ್ಟಿಯನ್ನು ಬರೆದವರು ಒಂದು ಮನೆಯನ್ನು ಕಲ್ಪಿಸಿಕೊಂಡು ಬರೆದಿದ್ದಾರೆ. ಆ ಮನೆಗೆ ಅಟ್ಟವಿದೆ, ಮೂರು ದಿನದ ನೀರಿಗೆ ಜಾಗವಿದೆ, ವಾರದ ಮಾತ್ರೆಯನ್ನು ಒಟ್ಟಿಗೆ ಕೊಳ್ಳುವ ಹಣವಿದೆ. ಧಾತು–ಈಶ್ವರ ಬರದಲ್ಲಿ ಸತ್ತವರ ಮನೆ ಅಂಥದ್ದಾಗಿರಲಿಲ್ಲ. ಮನೆಯ ಸಿದ್ಧತೆ ಎಂದರೆ ಕಾಲವನ್ನು ಕೊಂಡಿಟ್ಟುಕೊಳ್ಳುವುದು. ಕೊಳ್ಳಲಾಗದವರಿಗೆ ಆ ಕಾಲವನ್ನು ಬೇರೆಯವರು ಕೊಡಬೇಕು, ಮೊದಲು ನೆರೆಹೊರೆ, ಆಮೇಲೆ ಸರ್ಕಾರ. ಒಂದು ಊರು ವಿಪತ್ತಿಗೆ ಎಷ್ಟು ಸಜ್ಜಾಗಿದೆ ಎಂದು ತಿಳಿಯಲು ಅಲ್ಲಿನ ಅತಿ ದೊಡ್ಡ ಸಂಪನ್ನು ಅಳೆದು ಪ್ರಯೋಜನವಿಲ್ಲ. ಅತಿ ಚಿಕ್ಕ ಕೊಡ ಎಷ್ಟು ಹೊತ್ತಿಗೆ ಖಾಲಿಯಾಗುತ್ತದೆ, ಅಷ್ಟರೊಳಗೆ ಅಲ್ಲಿಗೆ ಯಾರಾದರೂ ತಲುಪುತ್ತಾರೆಯೇ ಎಂದು ನೋಡಬೇಕು.

ಮುಂದಿನ ಮಳೆಗಾಲಕ್ಕೆ ಮುಂಚೆ ನಿಮ್ಮ ಬಡಾವಣೆಯ ಸಂಘ ಸಭೆ ಸೇರುತ್ತದೆ. ಮೋರಿ ಹೂಳೆತ್ತುವುದು, ಜನರೇಟರಿಗೆ ಡೀಸೆಲ್, ಟ್ಯಾಂಕರಿನವನ ನಂಬರು ಎಲ್ಲ ಚರ್ಚೆಗೆ ಬರುತ್ತವೆ. ಆ ಪಟ್ಟಿಗೆ ಇನ್ನೊಂದು ಸಾಲು ಸೇರಿಸಿ: ಗೇಟಿನಲ್ಲಿ ಕೂರುವ ವಾಚ್‌ಮನ್, ಮನೆಗೆಲಸಕ್ಕೆ ಬರುವವರು, ಪಕ್ಕದ ಕಟ್ಟಡದ ಕೂಲಿಯವರು, ಹಿಂದಿನ ಬೀದಿಯಲ್ಲಿ ಒಬ್ಬರೇ ಇರುವ ಅಜ್ಜಿ, ಇವರಲ್ಲಿ ಯಾರ ಮನೆಯಲ್ಲಿ ನಾಳೆಗೆ ನೀರಿಲ್ಲ, ಯಾರ ಮನೆಯಲ್ಲಿ ನಾಳಿದ್ದಿಗೆ ಅಕ್ಕಿಯಿಲ್ಲ, ಅವರ ಬಾಗಿಲು ತಟ್ಟುವ ಕೆಲಸ ಯಾರದ್ದು.